ಪ್ರಶ್ನೆಯ ಮುಂದೆ ಅಂಟಿಸಿದ ವಿಭಾಗದ ಹೆಸರು

ಎರಡು ಸಾವಿರದ ದಶಕದಲ್ಲಿ ಉಪ್ಪಾರಹಳ್ಳಿಯ ನಮ್ಮ ಹಿತ್ತಲಿನ ತೆಂಗಿಗೆ ನುಸಿ ರೋಗ ಬಿತ್ತು. ಬೇರಿಗೆ ಔಷಧಿಯ ಪೊಟ್ಟಣ ಕಟ್ಟದಿದ್ದರೆ ಕಾಯಿ ಉಳಿಯದೆಂದು ಎಲ್ಲರೂ ಹೇಳುತ್ತಿದ್ದರು. ಎಲ್ಲರೂ ಹೇಳುತ್ತಾರೆಂಬ ಕಾರಣಕ್ಕೆ ನಾನು ಯಾವುದನ್ನೂ ಒಪ್ಪಿದವನಲ್ಲ. ಬ್ರೌಸಿಂಗ್ ಸೆಂಟರಿಗೆ ಹೋಗಿ, ಅಂತರ್ಜಾಲದ ಕೃಷಿ ವೇದಿಕೆಯೊಂದರ ತೆಂಗಿನ ವಿಭಾಗದಲ್ಲಿ, 'ಔಷಧಿ ಕಟ್ಟದೆ ನುಸಿಯಿಂದ ಕಾಯಿ ಉಳಿಸಿಕೊಂಡವರು ಇದ್ದೀರಾ?' ಎಂದು ಕೇಳಿದೆ.

ಮರುದಿನ ನೋಡಿದರೆ ವೇದಿಕೆಯ ಮೇಲ್ವಿಚಾರಕರು ನನ್ನ ಶೀರ್ಷಿಕೆಯ ಮುಂದೆ 'ಕೃಷಿ, ತೆಂಗು, ರೋಗ ಮತ್ತು ಔಷಧಿ' ಎಂದು ಅಂಟಿಸಿದ್ದರು. ಪ್ರಶ್ನೆಗಳ ಪಟ್ಟಿಯಲ್ಲಿ ಅಷ್ಟೇ ಕಾಣುತ್ತಿತ್ತು. ಜಾಗ ಸಾಲದೆ ನನ್ನ ಪ್ರಶ್ನೆ ಕತ್ತರಿಸಿಹೋಗಿತ್ತು. ಮೇಲಿನ, ಕೆಳಗಿನ ಸಾಲುಗಳೂ ಹಾಗೆಯೇ ಇದ್ದವು. ತೆಂಗಿನ ವಿಭಾಗದೊಳಗೆ ಮತ್ತೆ ತೆಂಗು ಎಂದು ಬರೆಯುವ ಆ ಜಾಣತನ ಕಂಡು ಹೇಸಿಗೆಯಾಯಿತು.

"ಇರ್ಲಿ ಬುಡಿ ಸಾರ್, ಹುಡುಕೋರಿಗೆ ಸಲೀಸು," ಎಂದಳು ಸೆಂಟರ್ ನಡೆಸುತ್ತಿದ್ದ ಹೆಣ್ಣುಮಗಳು.

"ಗುಬ್ಬಿ ಸಂತೇಲಿ ಕಾಯಿ ಮಾರೋನು ಒಂದೊಂದು ಕಾಯಿ ಮೇಲೂ ಕಾಯಿ ಅಂತ ಬರ್ಕೊಂಡು ಕೂತ್ಕೋತಾನೇನಮ್ಮ?"

"ನಿಮ್ ಕಾಯಿ ಮೇಲೆ ಬರೆಯೋಕೆ ಜಾಗ ಎಲ್ಲೈತೆ ಸಾರ್, ಬರೀ ನುಸಿ!"

ವಾರದೊಳಗೆ ಬಂದ ಉತ್ತರಗಳೆಲ್ಲ ಬೇರಿಗೆ ಕಟ್ಟುವ ಔಷಧಿಗಳ ಹೆಸರುಗಳೇ. ಅಂಟಿಸಿದ ಹೆಸರಿಗೆ ಅವರು ಉತ್ತರ ಕೊಟ್ಟಿದ್ದರು, ನನಗಲ್ಲ. ಕಾಯಿಗಳು ಮಾತ್ರ ದಿನೇ ದಿನೇ ಸೊರಗುತ್ತಿದ್ದವು.

ಪ್ರಶ್ನೆಯನ್ನು ಅಳಿಸಿಹಾಕಿ, ಬಾಯಲ್ಲೇ ಕೇಳೋಣವೆಂದು ಕುಣಿಗಲ್ ಬಸ್ಸು ಹತ್ತಿದೆ. ಕೊತ್ತಗೆರೆಯಲ್ಲಿ ಚೊಕ್ಕವಾದ ಕಾಯಿಗಳಿದ್ದ ತೋಟವೊಂದು ಕಂಡು ಇಳಿದೆ. ಬೇಲಿಯ ಈಚೆಯಿಂದಲೇ ಇಡೀ ಪ್ರಶ್ನೆಯನ್ನು ಗಟ್ಟಿಯಾಗಿ ಕೂಗಿದೆ. ಒಳಗೆ ಸೋಗೆ ಎಳೆಯುತ್ತಿದ್ದ ಮುದುಕರೊಬ್ಬರು ಕೆಲಸ ಬಿಟ್ಟು ನನ್ನತ್ತ ಬಂದರು.