ಇಂದಾಪುರದ ಪೇರಲ ಪೆಟ್ಟಿಗೆಗಳು

ಬೆಳಿಗ್ಗೆ ಪುಣೆಯ ಸ್ವಾರ್‌ಗೇಟಿನಲ್ಲಿ ಇಂದಾಪುರದ ಬಸ್ಸು ಹತ್ತಿದೆ. ಹೆಂಗಸರಿಗೆ ಅರ್ಧ ಟಿಕೆಟ್. ಕಿಟಕಿಯ ಸೀಟೂ ಸಿಕ್ಕಿತು. ಗೆಳತಿ ವಿನಯಾ ಇನ್ನೂ ಎದ್ದಿರಲಿಕ್ಕಿಲ್ಲ ಎಂದು ಫೋನ್ ಮಾಡಲಿಲ್ಲ.

ಧಾರವಾಡದಲ್ಲಿ ಕೂಡಿ ಓದಿದ ನಾವಿಬ್ಬರೂ ಪುಣೆಯ ಕೋಥರೂಡದಲ್ಲಿ ಸಣ್ಣ ಕಂಪನಿ ತೆರೆದಿದ್ದೆವು. ಮೆಕ್ಕೆಜೋಳದ ಪಿಷ್ಟಕ್ಕೆ ದಾಳಿಂಬೆ ಸಿಪ್ಪೆಯ ಸಾರ ಬೆರೆಸಿ ತೆಳು ಹಾಳೆ ಮಾಡುವ ಹದ ನಾನು ಕಂಡುಕೊಂಡಿದ್ದೆ. ಅದರಲ್ಲಿ ಸುತ್ತಿದ ಹಣ್ಣಿಗೆ ಬೇಗ ಬೂಷ್ಟು ಹಿಡಿಯದು; ಬಿಸಾಡಿದ ಹಾಳೆ ಮಣ್ಣಿನಲ್ಲಿ ಕರಗುವುದು. ತಯಾರಿಕೆಯನ್ನು ಹೊರಗಿನ ಕಾರ್ಖಾನೆಗೆ ಕೊಟ್ಟಿದ್ದೆವು. ಅದನ್ನೂ ಮಾರಾಟವನ್ನೂ ವಿನಯಾ ನೋಡಿಕೊಳ್ಳುತ್ತಿದ್ದಳು. ಇಂದಾಪುರದ ಪೇರಲ ವ್ಯಾಪಾರಿಯೊಬ್ಬರು ನಮ್ಮ ಹಾಳೆಯನ್ನೇ ಬಳಸುತ್ತಿದ್ದಾರೆಂದು ಹೇಳಿದ್ದಳು. ಅದನ್ನು ಕಣ್ಣಾರೆ ನೋಡುವ ಆಸೆ ನನಗೆ.

ಭಿಗವಣದಲ್ಲಿ ಬಸ್ಸು ನಿಂತಾಗ ಬಿಸಿಲು ಏರಿತ್ತು. ವಡಾಪಾವ್ ತಿಂದೆ. ಪಕ್ಕದ ಸೀಟಿನ ಅಜ್ಜಿಗೂ ಒಂದು ಕೊಡಿಸಿ, ಹರುಕು ಮರಾಠಿಯಲ್ಲಿ ನನ್ನ ಹಾಳೆಯ ಕತೆಯೆಲ್ಲ ಹೇಳಿದೆ.

ವ್ಯಾಪಾರಿ ಬಿರಾದಾರರು ಇಂಡಿ ಕಡೆಯವರು. ಹಾಳೆ ಮಾಡಿದವಳು ನಾನೆಂದೆ; ಕನ್ನಡ ಕೇಳಿ ಮುಖ ಅರಳಿಸಿ ಶೆಡ್ಡಿಗೆ ಕರೆದೊಯ್ದರು. ಹೆಂಗಸರು ಸಾಲಾಗಿ ಕುಳಿತು ಪೇರಲ ಸುತ್ತುತ್ತಿದ್ದರು. ಪೆಟ್ಟಿಗೆಗಳ ಮೇಲೆ ನಮ್ಮ ಕಂಪನಿಯ ಎಲೆಯ ಗುರುತು, ‘ಮಣ್ಣಿನಲ್ಲಿ ಕರಗುವ ಹಾಳೆ’ ಎಂಬ ಬರಹ. ಒಂದು ತುಂಡು ಹಿಡಿದು ಎಳೆದೆ. ನನ್ನ ಹಾಳೆಗೆ ತುಸು ಹಳದಿ ಬಣ್ಣ, ಎಳೆದರೆ ಹರಿಯುತ್ತದೆ. ಇದಕ್ಕೆ ಬಣ್ಣವೇ ಇರಲಿಲ್ಲ, ಎಳೆದಷ್ಟೂ ಹಿಗ್ಗಿತು. ಅಪ್ಪಟ ಪ್ಲಾಸ್ಟಿಕ್.

ಹಾಗೆಂದು ಹೇಳಿದೆ. ಬಿರಾದಾರರು ತಬ್ಬಿಬ್ಬಾದರು. ಮೊದಲ ಹಾಳೆ ಕೋಲ್ಡ್ ಸ್ಟೋರೇಜಿನ ತೇವಕ್ಕೆ ಮೆತ್ತಗಾಗಿ ಹಣ್ಣಿಗೆ ಅಂಟಿತ್ತಂತೆ. ವಿನಯಾಗೆ ದೂರಿದ ಮೇಲೆ ಇದು ಬಂತಂತೆ.

“ಸುಧಾರಿಸಿದ್ದು ಅಂತ ಮೇಡಂ ಅವರ ಕಳಿಸ್ಯಾರ್ರಿ,” ಎಂದರು. “ನೀವ ಮಾಡಿದ್ದು ಅಂತ ತಿಳಕೊಂಡಿದ್ದೆ.”

ಆ ಬರಹವನ್ನಾದರೂ ಅಳಿಸಿ ಎಂದು ಕೇಳಿಕೊಂಡೆ. ಅವರು ಪೆಟ್ಟಿಗೆಗಳತ್ತ ನೋಡಿ, “ಹಣ್ಣು ಛಲೋ ಉಳೀತಾವ್ರಿ,” ಎಂದರು. ಊಟಕ್ಕೆ ಕರೆದರು. ಒಲ್ಲೆನೆಂದು ಹೊರಟೆ. ಹೊರಗೆ ಟೆಂಪೋ ತುಂಬುತ್ತಲೇ ಇತ್ತು.

ಹಾಳೆ ಮೆತ್ತಗಾಯಿತೆಂಬ ಮಾತು ನನಗೆ ಮುಟ್ಟಿದ್ದರೆ ಮತ್ತೆ ಹದ ಮಾಡುತ್ತಿದ್ದೆ. ಮರಳುವ ದಾರಿಯುದ್ದಕ್ಕೂ ಅದೊಂದೇ ಕೊರೆಯಿತು.

ಸಂಜೆ ನೇರ ವಿನಯಾಳ ಮನೆಗೆ ಹೋದೆ. ಅವಳು ಫ್ಯಾನು ಹಾಕಿ, ನೀರು ತಂದಿಟ್ಟಳು. ಅಲ್ಲಗಳೆಯಲಿಲ್ಲ. ಹಾಳೆ ಸುಧಾರಿಸುವ ತನಕ ಗಿರಾಕಿ ಕಾಯುವುದಿಲ್ಲ, ಜನ ಕೊಳ್ಳುವುದು ಎಲೆಯ ಗುರುತು ನೋಡಿ ಎಂದಳು.

“ನನಗ ಯಾಕ ಹೇಳಲಿಲ್ಲ?”

“ನೀ ಭಾಳ ಖುಷಿಯಾಗಿದ್ದಿ,” ಎಂದಳು. “ಹೇಳಿ ಏನ್ ಮಾಡೂದಿತ್ತು?”

ನೀರು ಮುಟ್ಟದೆ ಎದ್ದೆ. ಆ ತಿಂಗಳೇ ಕಂಪನಿ ಬಿಟ್ಟೆ. ಆ ಪೇರಲ ಈಗ ನಮ್ಮ ಓಣಿಯ ಅಂಗಡಿಗೂ ಬರುತ್ತದೆ. ಎಲೆಯ ಗುರುತು ನೋಡಿ ಜನ ನಾಲ್ಕು ಕಾಸು ಹೆಚ್ಚೇ ಕೊಟ್ಟು ಒಯ್ಯುತ್ತಾರೆ.