ಎರಡು ಜೊತೆ ಗ್ಲೌಸ್

ಕೊಪ್ಪಳದಲ್ಲಿ ನರ್ಸಿಂಗ್ ಮೂರನೇ ವರ್ಷ ಓದುತ್ತಿದ್ದಾಗ ನಮಗೆಲ್ಲ ಮೊಬೈಲಿನಲ್ಲೇ ಒಂದು ತರಬೇತಿ ಕೊಟ್ಟರು. ಎಚ್‌ಐವಿ ಇರುವವರನ್ನು ಬೇರೆಯಾಗಿ ಕಾಣಬಾರದು, ಅವರ ವಿಷಯ ಹೊರಗೆ ಬಿಡಬಾರದು ಎಂಬುದು ಪಾಠ. ಭಾಗ್ಯನಗರದ ಬಾಡಿಗೆ ಕೋಣೆಯ ಮೆಟ್ಟಿಲ ಮೇಲೆ ಕೂತು, ಗೆಳತಿ ಮತ್ತು ನಾನು ಒಂದೇ ಇಯರ್‌ಫೋನನ್ನು ಕಿವಿಗೊಂದರಂತೆ ಹಂಚಿಕೊಂಡು ಕೇಳಿದೆವು. ಕೊನೆಯಲ್ಲಿ ಪ್ರಶ್ನೆಗಳಿದ್ದವು. ಇಂಥವರ ಬಿಪಿ ನೋಡಲು ಗ್ಲೌಸ್ ಬೇಕೇ? ಬೇಡ ಎಂದು ಒತ್ತಿದೆ. ನನ್ನ ಉತ್ತರಗಳೆಲ್ಲ ಸರಿಯಾಗಿದ್ದವು.

"ಸರ್ಟಿಫಿಕೇಟ್ ಬಂತಲ್ಲ, ಇನ್ನ ನಿನಗ ಅಂಜಿಕಿ ಎಲ್ಲಿಂದ ಬರತೈತಿ?" ಎಂದು ಗೆಳತಿ ನಕ್ಕಳು. ನಾನೂ ನಕ್ಕೆ.

ಆ ವಾರವೇ ನಮ್ಮನ್ನು ಹೆಂಗಸರ ವಾರ್ಡಿಗೆ ಹಾಕಿದರು. ಕಿಟಕಿ ಪಕ್ಕದ ಮಂಚದಲ್ಲಿ ತಳಕಲ್ ಆಚೆಯ ಒಂದು ಹಳ್ಳಿಯ ಹೆಂಗಸು ಇದ್ದಳು. ನಲವತ್ತರ ಹತ್ತಿರದ ವಯಸ್ಸು. ಬಿಡದ ಜ್ವರ. ಗಂಡ ತೀರಿಕೊಂಡಿದ್ದ, ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿ ಬದುಕುತ್ತಿದ್ದಳು. ಆಕೆಗೆ ಎಚ್‌ಐವಿ ಇದೆಯೆಂದು ಕೇಸ್ ಶೀಟಿನಲ್ಲಿ ಓದಿದ್ದೆ. ಮೊದಲ ದಿನ ಮಾತ್ರೆ ಕೊಡಲು ಹೋದಾಗ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಯವ್ವಾ, ಬಾಜೂ ಮಂಚದ ಮುದುಕಿ ನಮ್ಮೂರಾಕೀನ. ಆಕಿ ಕಿವಿಗಿ ಬಿದ್ರ ಮುಗೀತು. ನಾ ಮಾಡಿದ ಅನ್ನ ಹುಡುಗ್ರು ಉಣ್ಣಂಗಿಲ್ಲ ನೋಡು."

"ನಾ ಯಾರ ಮುಂದನೂ ಹೇಳಂಗಿಲ್ರಿ ಅಕ್ಕಾರ," ಎಂದೆ. ಬಾಯಿಬಿಟ್ಟು ಹೇಳಲೂ ಇಲ್ಲ.

ಮರುದಿನ ಬೆಳಿಗ್ಗೆ ಸಾಲಾಗಿ ಎಲ್ಲರ ಬಿಪಿ ನೋಡುತ್ತ ಬಂದೆ. ಆರು ಮಂಚ ಬರಿಗೈಯಲ್ಲೇ ಆದವು. ಮುದುಕಿಯದೂ ಹಾಗೇ. ಆಮೇಲೆ ಕಿಟಕಿ ಪಕ್ಕದ ಮಂಚಕ್ಕೆ ಹೋಗುವ ಮೊದಲು ಟ್ರಾಲಿಯ ಹತ್ತಿರ ನಿಂತು ಗ್ಲೌಸ್ ಹಾಕಿಕೊಂಡೆ. ಅದರ ಮೇಲೆ ಇನ್ನೊಂದು ಜೊತೆ. ಅದು ಯೋಚಿಸಿ ಮಾಡಿದ್ದಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ನಿಜವಲ್ಲ. ನನ್ನ ಹೆಬ್ಬೆರಳಿನ ಉಗುರ ಪಕ್ಕ ಚರ್ಮ ತುಸು ಸುಲಿದಿತ್ತು. ಅದನ್ನು ನೋಡಿಕೊಂಡೇ ಹಾಕಿಕೊಂಡೆ.

ಆಕೆ ನನ್ನ ಕೈ ನೋಡಿದಳು, ಆಮೇಲೆ ಮುಖ ನೋಡಿದಳು. ತೋಳು ಮುಂದೆ ಮಾಡಲಿಲ್ಲ. ನಾನೇ ಎತ್ತಿ ಬಿಪಿ ಪಟ್ಟಿ ಸುತ್ತಿದೆ.

ಮುದುಕಿ ದಿಂಬಿಗೆ ಒರಗಿ ನೋಡುತ್ತಿದ್ದಳು. "ಏನವಾ ತಂಗಿ, ಆಕಿ ಮೈಯೇನು ಬಂಗಾರದ್ದೇನ? ನಮಗ ಬರೇ ಕೈ, ಆಕಿಗಿ ಎರಡೆರಡು ಚೀಲ! ಅಂಥಾದ್ದೇನು ಆಗೈತಿ ಆಕಿಗಿ?"

"ಏನಿಲ್ಲಬೇ ಆಯಿ, ಜ್ವರ ಐತಿ."

"ಜ್ವರ ನನಗೂ ಐತೆಲ್ಲ."

ನಾನು ಪಟ್ಟಿ ಬಿಚ್ಚಿ ಬಿಪಿ ಬರೆದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಮುದುಕಿ, ಎರಡು ಮಂಚಗಳ ನಡುವೆ ಇದ್ದ ತನ್ನ ನೀರಿನ ತಂಬಿಗೆಯನ್ನು ತೆಗೆದು ಆಚೆ ಬದಿಗೆ ಇಟ್ಟುಕೊಂಡಳು. ಮಧ್ಯಾಹ್ನ ಮಗಳು ಬುತ್ತಿ ತಂದಾಗ ಇಬ್ಬರೂ ಸಣ್ಣ ದನಿಯಲ್ಲಿ ಮಾತಾಡಿದರು. ಕಿಟಕಿ ಪಕ್ಕದ ಹೆಂಗಸು ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಿದ್ದೆ ಮಾಡುತ್ತಿರಲಿಲ್ಲ. ಕ್ಷಮೆ ಕೇಳಬೇಕು ಅನಿಸಿತು. ಮುದುಕಿಯ ಎದುರು ಹೇಗೆ ಕೇಳುವುದೆಂದು ಸಂಜೆಯವರೆಗೆ ಮುಂದೂಡಿದೆ. ಸಂಜೆ ನಮ್ಮ ಪಾಳಿ ಮುಗಿಯಿತು. ಮರುದಿನ ಹೋಗುವಷ್ಟರಲ್ಲಿ ಆಕೆ ಡಿಸ್ಚಾರ್ಜ್ ಆಗಿ ಹೋಗಿದ್ದಳು, ಆ ಮಂಚಕ್ಕೆ ಬೇರೆಯವರು ಬಂದಿದ್ದರು.

ಎರಡು ತಿಂಗಳಾದ ಮೇಲೆ ಮನೆ ಮನೆ ಆರೋಗ್ಯ ಸಮೀಕ್ಷೆಗೆಂದು ನಮ್ಮ ತಂಡ ಯಲಬುರ್ಗಾ ಕಡೆಯ ಹಳ್ಳಿಗಳಿಗೆ ಹೋಯಿತು. ಆಕೆಯ ಊರೂ ಅದರಲ್ಲಿ ಇತ್ತು. ಶಾಲೆಯ ಅಡುಗೆ ಕೋಣೆಯಲ್ಲಿ ಬೇರೊಬ್ಬಳು ಸೌಟು ಆಡಿಸುತ್ತಿದ್ದಳು. ಮೊದಲು ಇದ್ದವರು ಎಲ್ಲಿ ಎಂದು ಕೇಳಿದೆ.

"ಆಕಿ ಗಂಗಾವತಿ ಕಡೆ ನೆಲ್ಲಿನ ಸಸಿ ಹಚ್ಚಾಕ ಹೋಗ್ಯಾಳ್ರಿ. ಮಂದಿ ತಮ್ಮ ಹುಡುಗ್ರಿಗೆ ಮನಿಯಿಂದ ಡಬ್ಬಿ ಕಟ್ಟಾಕ ಹತ್ತಿದ್ರು. ನಾಕು ದಿನ ಮಾಡಿದ ಅನ್ನ ಹಂಗ ಉಳೀತು. ಐದನೇ ದಿನ ತಾನ ಬಂದು ಕೀಲಿ ಕೊಟ್ಟು ಹೋದ್ಲು." ಆಮೇಲೆ ದನಿ ತಗ್ಗಿಸಿ, "ಪಾಪ, ಸಾರು ಭಾಳ ಛಲೋ ಮಾಡ್ತಿದ್ಲು. ನಿಮಗ ಆಕಿ ಗುರ್ತೇನ್ರೀ?" ಎಂದಳು.

"ಇಲ್ರಿ," ಎಂದೆ.

ಅಡುಗೆಯಿಂದ ಎಚ್‌ಐವಿ ಹರಡುವುದಿಲ್ಲ ಎಂದು ಅಲ್ಲೇ ಹೇಳಬಹುದಿತ್ತು. ಹೇಳಲು ನನಗೆ ಕಲಿಸಿದ್ದರು. ಹೇಳಿದರೆ ಆಕೆಯ ವಿಷಯ ನಾನೇ ಒಪ್ಪಿಕೊಂಡಂತಾಗುತ್ತದೆ ಎಂದು ಸುಮ್ಮನಾದೆನೋ, ಆ ಗ್ಲೌಸ್ ಹಾಕಿದವಳು ನಾನೇ ಎಂದು ಗೊತ್ತಾದೀತು ಎಂದೋ, ಇವತ್ತಿಗೂ ಖಚಿತವಾಗಿ ಹೇಳಲಾರೆ. ಹೊರಗೆ ಹುಡುಗರು ಸಾಲಾಗಿ ಕೂತು ಉಣ್ಣುತ್ತಿದ್ದರು.