ಗಾಳಿಗಂಟೆ ಬಿಚ್ಚಿದ ಮರುದಿನ

ಕಳೆದ ತಿಂಗಳು ಒಂದು ಬೆಳಿಗ್ಗೆ ಪಕ್ಕದ ಮನೆಯ ಗಿರಿಜಕ್ಕ ತುಂಬಿದ ಕೊಡ ಹೊತ್ತು ಸೀದಾ ನಮ್ಮ ದಾಸವಾಳದ ಗಿಡದೊಳಗೆ ನಡೆದು ಬಂದರು. ಕೊಡ ಉರುಳಿತು. ಅವರೂ ಉರುಳಿದರು.

ತಪ್ಪು ನನ್ನದು. ಹಿಂದಿನ ಸಂಜೆ ನಮ್ಮ ಜಗಲಿಯ ವಿಂಡ್ ಚೈಮ್ ಬಿಚ್ಚಿಟ್ಟಿದ್ದೆ.

ಕೊಲ್ಲೂರಿನ ಅಂಗಡಿಯೊಂದರಲ್ಲಿ ಕೊಂಡ ಗಾಳಿಗಂಟೆ ಅದು. ಆರು ಕೊಳವೆ. ವಾಯುವ್ಯಕ್ಕೆ ಕಟ್ಟಿದರೆ ಐಶ್ವರ್ಯ ಎಂದಿದ್ದರು ಅಂಗಡಿಯವರು. (ನಮ್ಮ ವಾಯುವ್ಯದಲ್ಲಿ ಕರೆಂಟ್ ಮೀಟರ್ ಇದೆ. ಮೊಳೆ ಇದ್ದಲ್ಲಿ ಕಟ್ಟಿದೆ.) ಇದೇನು ಹೊಸ ಫ್ಯಾಷನ್ನೇ? ಚೀನಾದವರು ಎಂದೋ ಗುಡಿಯ ಸೂರಿಗೆ ಗಂಟೆ ತೂಗಿಸಿದರು. ರೋಮನ್ನರು ದುಷ್ಟಶಕ್ತಿ ಓಡಿಸಲು ಕಟ್ಟಿದರು. ಕೊಕ್ಕರ್ಣೆಯ ನನ್ನ ಮಾವ ಹಕ್ಕಿ ಓಡಿಸಲು ಗದ್ದೆಯಲ್ಲಿ ತಗಡಿನ ಡಬ್ಬಿ ಕಟ್ಟುತ್ತಿದ್ದರು. ಸದ್ದು ಕೇಳಿದರೆ ಟೆನ್ಷನ್ ಇಳಿಯುತ್ತದೆ ಎಂದೂ ಹೇಳುತ್ತಾರೆ. ಇರಬಹುದು.

ಗಿರಿಜಕ್ಕನ ಗಂಡ ಶೀನಣ್ಣನಿಗೆ ಮಾತ್ರ ಅದರಿಂದಲೇ ಟೆನ್ಷನ್. ಮುಂಬೈ ಹೋಟೆಲಿನಲ್ಲಿ ದುಡಿದು ಊರಿಗೆ ಮರಳಿದವರು.

"ಹ್ವಾಯ್, ಮೂವತ್ತ್ ವರ್ಷ ಪಾತ್ರೆ ಸದ್ದೇ ಕೇಂಡದ್. ಇಲ್ಲಾದ್ರೂ ಸುಮ್ನೆ ಇಪ್ಪುಕೆ ಬಿಡಿ ಮಾರಾಯ್ರೆ!"

ಬಿಚ್ಚಿದೆ. ಮರುದಿನ ಈ ಅವಘಡ.

ನಾನೂ ಶೀನಣ್ಣನೂ ಓಡಿ ಎತ್ತಿದೆವು. ಮೊಣಕೈ ತರಚಿತ್ತು, ಅಷ್ಟೆ.

"ಕಣ್ಣ್ ಕಾಂತಿಲ್ಯಾ ನಿಂಗೆ?" ಶೀನಣ್ಣ ಗದರಿದರು.

"ಇಲ್ಲ," ಎಂದರು ಗಿರಿಜಕ್ಕ.

ಮತ್ತೆ ಅವರೇ ಬಿಡಿಸಿ ಹೇಳಿದರು. "ಬಿಸ್ಲ್ ಬಿದ್ರೆ ಎಲ್ಲಾ ಬೆಳ್ಳಗೆ. ಬಾವಿ ಹತ್ರ ನಿಂತ್ಕಂಡ್ ಇವ್ರ ಗಂಟಿ ಎಡಗಿವಿಗೆ ಕೇಂಡ್ರೆ ನಮ್ಮನಿ ಬಾಗ್ಲ್ ಎದ್ರಿಗೆ ಅಂದ್ ಲೆಕ್ಕ. ಗಾಳಿ ಇಲ್ದಿರೆ ಬಪ್ಪತನ್ಕ ಬಾವಿಕಟ್ಟಿ ಮೇಲ್ ಕೂಕಂತಿದ್ದೆ. ಇವತ್ತ್ ಗಾಳಿ ಇತ್ತ್, ಗಂಟಿ ಕೇಂತಿಲ್ಲ. ಅಂದಾಜ್ ಮೇಲ್ ಬಂದೆ."

"ನಂಗ್ ಎಂತಕೆ ಹೇಳ್ಲಿಲ್ಲೆ?" ಎಂದರು ಶೀನಣ್ಣ.

"ನೀವ್ ಕೇಂಡಿದ್ರ್ಯಾ?"

ಶೀನಣ್ಣ ಉರುಳಿದ ಕೊಡ ಎತ್ತಿಕೊಂಡು ನೀರು ಸೇದಲು ಹೋದರು.

ಕುಂದಾಪುರದ ಕಣ್ಣಿನ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. ಶುಗರ್ ಇಳಿದ ಮೇಲೆ ಆಪರೇಷನ್. ಅಲ್ಲಿಯವರೆಗೆ? ನಾನು ಗಂಟೆ ಮತ್ತೆ ಕಟ್ಟಹೊರಟರೆ ಶೀನಣ್ಣ ತಡೆದರು. "ನಮ್ಮನಿ ಬಾಗ್ಲಿಗೆ ನಾನೇ ಮಾಡ್ತೆ."

ಒಣಗಿದ ಬಿದಿರನ್ನು ಐದು ತುಂಡು ಮಾಡಿದರು, ಒಂದಕ್ಕಿಂತ ಒಂದು ಗಿಡ್ಡ. ತೀರಾ ತುದಿಗೆ ದಾರ ಕಟ್ಟಿದಾಗ ಬರೀ ಟಪ್ ಟಪ್. ಯೂಟ್ಯೂಬ್ ನೋಡಿ, ಮೇಲಿನ ತುದಿಯಿಂದ ತುಂಡಿನ ಐದನೇ ಒಂದು ಭಾಗ ಕೆಳಗೆ ತೂತು ಕೊರೆಯಿರಿ ಎಂದೆ. ನಂಬಲಿಲ್ಲ, ಆದರೂ ಕೊರೆದರು. ಮೀನಿನ ಗಾಳದ ತಂಗೂಸಿ ದಾರದಲ್ಲಿ ಸುತ್ತ ತೂಗುಹಾಕಿ, ನಡುವೆ ಬಡಿಯಲು ತೆಂಗಿನ ಗೆರಟೆ ಇಳಿಬಿಟ್ಟರು. ಗಾಳಿ ಬೀಸಿತು. ಟೊಳ್ಳಾದ, ಮೆತ್ತನೆಯ ಸದ್ದು. ಗಿರಿಜಕ್ಕ ಬಾವಿಯಿಂದ ಹೊರಟು ಒಂದೂ ಹೆಜ್ಜೆ ತಪ್ಪದೆ ಬಾಗಿಲಿಗೆ ಬಂದರು. ಶೀನಣ್ಣ ತಿರುಗಿ ಕಣ್ಣೊರೆಸಿಕೊಂಡರು.

ಹೋದ ವಾರ ಒಂದು ಕಣ್ಣಿನ ಆಪರೇಷನ್ ಆಯಿತು. ಈಗ ಶೀನಣ್ಣ ತಾಸಿಗೊಮ್ಮೆ ಬೆರಳೆತ್ತಿ, "ಇದ್ ಎಷ್ಟ್?" ಎನ್ನುತ್ತಾರೆ.

"ಎಷ್ಟ್ ಸಲ ಕೇಂತ್ರಿ ಮಾರಾಯ್ರೆ!" ಗಿರಿಜಕ್ಕ ರೇಗುತ್ತಾರೆ.

ಗಂಡಂದಿರು ಕೇಳದಿದ್ದರೂ ಕಷ್ಟ, ಕೇಳಲು ಶುರುಮಾಡಿದರೂ ಕಷ್ಟ, ಅಲ್ಲವೇ?